ಆನ್ ಬ್ರಾಡ್‌ಸ್ಟ್ರೀಟಮ್ಮನವರ ಚರಿತ್ರೆ

ಹಿರಿಯರು ತಮ್ಮ ಮಕ್ಕಳಿಗೆ ಬಿಟ್ಟುಹೋಗುವ ಸ್ವಾಸ್ತ್ಯವು ನಾನಾ ವಿಧವಾಗಿದೆ. ಒಬ್ಬರು ಹೊಲಗದ್ದೆಗಳನ್ನು ಬಿಡುತ್ತಾರೆ, ಇನ್ನೊಬ್ಬರು ಚಿನ್ನಬೆಳ್ಳಿಯನ್ನು ಬಿಡುತ್ತಾರೆ, ಮತ್ತೊಬ್ಬರಿಗೆ ಸಾಲದ ಹೊರತು ಬಿಡುವದಕ್ಕೆ ಏನೂ ಇರುವದಿಲ್ಲ. ಹೊಲವು ಪಾಲಾಗುತ್ತದೆ, ಚಿನ್ನವು ಒತ್ತೆಗೆ ಹೋಗುತ್ತದೆ. ಆದರೆ ದೇವರು ತನ್ನನ್ನು ಹೇಗೆ ನಡಿಸಿದನೆಂಬದನ್ನು ಒಬ್ಬ ತಾಯಿಯು ಏನೂ ಮರೆಮಾಡದೆ ತನ್ನ ಮಕ್ಕಳಿಗೆ ತಿಳಿಸಿಹೋದರೆ, ಆ ಸ್ವಾಸ್ತ್ಯವು ಎಷ್ಟು ಪಾಲುಮಾಡಿದರೂ ಕಡಿಮೆಯಾಗುವದಿಲ್ಲ. ಅಂಥ ಸ್ವಾಸ್ತ್ಯವನ್ನು ಬಿಟ್ಟುಹೋದ ಒಬ್ಬ ತಾಯಿಯ ಚರಿತ್ರೆಯನ್ನು ನಾವು ಈ ಸಾರಿ ಹೇಳುತ್ತೇವೆ. ಆಕೆಯು ಹುಟ್ಟಿದ ದೇಶವನ್ನು ಬಿಟ್ಟು ಸಮುದ್ರವನ್ನು ದಾಟಿ, ಕಾಡಿನ ನಡುವೆ ಎಂಟು ಮಕ್ಕಳನ್ನು ಸಾಕಿ, ಮನೆಗೆಲಸದ ನಡುವೆ ಲೇಖನಿಯನ್ನು ಹಿಡಿದು, ಇಂಗ್ಲಿಷರು ಅಮೇರಿಕಾದಲ್ಲಿ ಸ್ಥಾಪಿಸಿದ ವಲಸೆ ಸೀಮೆಗಳ ಮೊದಲನೆಯ ಕವಯಿತ್ರಿ ಎನಿಸಿಕೊಂಡಳು. ಆಕೆಯ ಹೆಸರು ಆನ್ ಬ್ರಾಡ್‌ಸ್ಟ್ರೀಟ್. ನಮ್ಮ ವಾಚಕರ ಬಾಯಿಗೆ ಸುಲಭವಾಗುವಂತೆ ನಾವು ಆಕೆಯನ್ನು ಆನಮ್ಮನೆಂದು ಕರೆಯುವೆವು.

೧. ಬಾಲ್ಯವೂ ವಿವಾಹವೂ

ಆನಮ್ಮನು ೧೬೧೨ರ ಸುಮಾರಿಗೆ ಇಂಗ್ಲೆಂಡ್ ದೇಶದ ನಾರ್ಥಾಂಪ್ಟನ್ ಎಂಬ ಪಟ್ಟಣದಲ್ಲಿ ಹುಟ್ಟಿದಳು. ಆಕೆಯ ತಂದೆ ತಾಮಸ್ ಡಡ್ಲಿ, ತಾಯಿ ಡಾರತಿ. ತಂದೆಯು ಲಿಂಕನ್ ಪ್ರಭುವಿನ ಮನೆಯಲ್ಲಿ ಪಾರುಪತ್ಯಗಾರನಾಗಿದ್ದು, ಸಾಲದಲ್ಲಿ ಮುಳುಗಿದ್ದ ಆ ಪ್ರಭುವಿನ ಆಸ್ತಿಯನ್ನು ತನ್ನ ಜಾಣ್ಮೆಯಿಂದ ಬಿಡಿಸಿ ನಿಲ್ಲಿಸಿದವನು. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಪಾಠಶಾಲೆಗೆ ಕಳುಹಿಸುವ ವಾಡಿಕೆ ವಿರಳವಾಗಿತ್ತು. ಆದರೆ ಡಡ್ಲಿಯು ವಿದ್ಯೆಯನ್ನು ಪ್ರೀತಿಸುವವನಾಗಿದ್ದರಿಂದ ಮಗಳಿಗೆ ಓದುಬರಹ ಕಲಿಸಲು ಹಿಂಜರಿಯಲಿಲ್ಲ. ಪ್ರಭುವಿನ ಮನೆಯಲ್ಲಿದ್ದ ಪುಸ್ತಕಗಳೂ ಆಕೆಯ ಕೈಗೆ ಬಂದವು. ಚರಿತ್ರೆಗಳನ್ನೂ ಕಾವ್ಯಗಳನ್ನೂ ಆಕೆಯು ಓದಿದಳು. ಸೃಷ್ಟಿಯ ವಿಷಯದಲ್ಲಿ ದೊಡ್ಡ ಕಾವ್ಯವನ್ನು ರಚಿಸಿದ ದ್ಯು ಬಾರ್ತಾ ಎಂಬ ಫ್ರೆಂಚ್ ಪ್ರೊಟೆಸ್ಟಂಟ್ ಕವಿಯು ಆಕೆಗೆ ಬಹು ಪ್ರಿಯನಾದನು. ಇವೆಲ್ಲಕ್ಕಿಂತ ಹೆಚ್ಚಾಗಿ ಸತ್ಯವೇದವು ಆಕೆಯ ಕೈಪುಸ್ತಕವಾಗಿತ್ತು.

ಆರೇಳು ವರುಷದವಳಾದಾಗಲೇ ಸುಳ್ಳು, ಅವಿಧೇಯತೆ ಮುಂತಾದ ತಪ್ಪುಗಳು ತನ್ನ ಮನಸ್ಸನ್ನು ಚುಚ್ಚುತ್ತಿದ್ದವೆಂದೂ, ಪ್ರಾರ್ಥನೆ ಮಾಡದೆ ಸಮಾಧಾನವಾಗುತ್ತಿರಲಿಲ್ಲವೆಂದೂ ಆಕೆಯು ಮುಂದೆ ಬರೆದಿದ್ದಾಳೆ. ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಮನಸ್ಸು ಲೋಕದ ಕಡೆಗೆ ಜಾರಿತಂತೆ. ಹದಿನಾರನೆಯ ವರುಷದಲ್ಲಿ ಸಿಡುಬು ತಗಲಿತು. ಆ ರೋಗದಲ್ಲಿ ಆಕೆಯು ದೇವರ ಶಿಕ್ಷಾಹಸ್ತವನ್ನು ಕಂಡು, ಆತನನ್ನು ಬೇಡಿಕೊಂಡು, ಗುಣಹೊಂದಿದಳು. ೧೬೨೮ರ ಸುಮಾರಿಗೆ ಆಕೆಗೆ ಸೈಮನ್ ಬ್ರಾಡ್‌ಸ್ಟ್ರೀಟನೊಂದಿಗೆ ಮದುವೆಯಾಯಿತು. ಈತನು ಒಬ್ಬ ಬೋಧಕನ ಮಗನು. ಚಿಕ್ಕಂದಿನಲ್ಲಿ ತಂದೆಯನ್ನು ಕಳಕೊಂಡು, ಕೇಂಬ್ರಿಜ್ ವಿದ್ಯಾಪೀಠದಲ್ಲಿ ಓದಿ, ಡಡ್ಲಿಯ ಕೈಕೆಳಗೆ ಪಾರುಪತ್ಯದ ಕೆಲಸವನ್ನು ಕಲಿತವನು. ಈ ಗಂಡಹೆಂಡಿರ ಪ್ರೀತಿಯು ನಲವತ್ತು ವರುಷಕ್ಕೂ ಹೆಚ್ಚು ಕಾಲ ಮಾಸದೆ ಉಳಿಯಿತು.

೨. ಹುಟ್ಟಿದ ದೇಶವನ್ನು ಬಿಟ್ಟದ್ದು

ಆ ಕಾಲದಲ್ಲಿ ಇಂಗ್ಲೆಂಡಿನ ಸಭೆಯೊಳಗೆ ದೊಡ್ಡ ಕಲಹವಿತ್ತು. ಸಭೆಯ ಆರಾಧನೆಯು ದೇವರ ವಾಕ್ಯದಲ್ಲಿ ಹೇಳಿದ ಹಾಗೆಯೇ ಇರಬೇಕು, ರೋಮನ್ ಸಭೆಯಿಂದ ಉಳಿದುಬಂದ ಆಚಾರಗಳು ಹೋಗಬೇಕು ಎಂದು ಹೇಳುತ್ತಿದ್ದವರಿಗೆ ಪ್ಯೂರಿಟನ್ನರು, ಅಂದರೆ ಶುದ್ಧಾಚಾರಿಗಳು, ಎಂಬ ಹೆಸರು ಬಿದ್ದಿತ್ತು. ಡಡ್ಲಿಯ ಮನೆಯವರೂ ಲಿಂಕನ್ ಪ್ರಭುವೂ ಈ ಪಕ್ಷದವರು. ಮೊದಲನೆಯ ಚಾರ್ಲ್ಸ್ ಅರಸನು ಬಲಾತ್ಕಾರದಿಂದ ಸಾಲವನ್ನೆತ್ತಲು ತೊಡಗಿದಾಗ ಲಿಂಕನ್ ಪ್ರಭುವು ಕೊಡೆನೆಂದು ಸೆರೆಮನೆಗೆ ಹೋದನು. ೧೬೨೮ರಲ್ಲಿ ಲಂಡನಿನ ಬಿಷಪನಾದ ಲಾಡ್ ಎಂಬವನು ಶುದ್ಧಾಚಾರಿ ಬೋಧಕರನ್ನು ಬಾಯಿಮುಚ್ಚಿಸತೊಡಗಿದನು. ೧೬೨೯ರಲ್ಲಿ ಅರಸನು ಪಾರ್ಲಿಮೆಂಟನ್ನೇ ಮುಚ್ಚಿಬಿಟ್ಟನು. ಹೀಗಿರಲಾಗಿ ಈ ಜನರಲ್ಲಿ ಅನೇಕರು ತಮ್ಮ ದೇಶದಲ್ಲಿ ಇನ್ನು ನೆಮ್ಮದಿಯಿಲ್ಲವೆಂದು ತಿಳಿದು, ಅಮೇರಿಕಾದ ಮಸಾಚುಸೆಟ್ಸ್ ಎಂಬ ಸೀಮೆಯಲ್ಲಿ ನೆಲೆಸಲು ಅರಸನಿಂದ ಅಪ್ಪಣೆಪತ್ರವನ್ನು ಪಡೆದುಕೊಂಡರು.

೧೬೩೦ನೆಯ ಏಪ್ರಿಲ್ ೮ರಂದು ಆರ್ಬೆಲ್ಲಾ ಎಂಬ ಹಡಗು ಇಂಗ್ಲೆಂಡಿನ ದಡವನ್ನು ಬಿಟ್ಟಿತು. ಲಿಂಕನ್ ಪ್ರಭುವಿನ ತಂಗಿಯಾದ ಆರ್ಬೆಲ್ಲಾ ದೊರೆಸಾನಿಯೂ ಅದರಲ್ಲಿದ್ದಳು. ಹಡಗಿನ ಹೆಸರು ಆಕೆಯದೇ. ಜಾನ್ ವಿಂತ್ರಪನು ಹೊಸ ಸೀಮೆಯ ಅಧಿಪತಿ, ತಾಮಸ್ ಡಡ್ಲಿಯು ಉಪಾಧಿಪತಿ. ಹದಿನೆಂಟು ವರುಷದ ಆನಮ್ಮನೂ ಆಕೆಯ ಗಂಡನೂ ತಂದೆತಾಯಿಗಳೂ ಒಡಹುಟ್ಟಿದವರೂ ಆ ಹಡಗಿನಲ್ಲಿಯೇ ಹೊರಟರು. ಆ ವರುಷ ಹನ್ನೊಂದು ಹಡಗುಗಳಲ್ಲಿ ಸುಮಾರು ೭೦೦ ಜನರು ಹೀಗೆ ಹೋದರು. ಒಂಬತ್ತು ವಾರಗಳ ವರೆಗೆ ಬಿರುಗಾಳಿ, ಚಳಿ, ವಾಂತಿ, ಉಪ್ಪುಹಾಕಿದ ಮಾಂಸ, ಗಟ್ಟಿ ರೊಟ್ಟಿ, ಇವೇ ಅವರ ಪಾಲು. ಜೂನ್ ೧೨ರಂದು ಹಡಗು ಸೇಲಮ್ ಎಂಬ ಊರಿಗೆ ಮುಟ್ಟಿತು.

ಅಲ್ಲಿ ಅವರು ಕಂಡದ್ದೇನು? ಮೊದಲೇ ಬಂದಿದ್ದವರಲ್ಲಿ ಎಂಭತ್ತಕ್ಕಿಂತ ಹೆಚ್ಚು ಜನ ಹಿಂದಣ ಚಳಿಗಾಲದಲ್ಲಿ ಸತ್ತಿದ್ದರು, ಉಳಿದವರು ಬಲಹೀನರಾಗಿದ್ದರು, ಮನೆಯಲ್ಲಿದ್ದ ಧಾನ್ಯವು ಎರಡು ವಾರಕ್ಕೂ ಸಾಲದಷ್ಟು. ಹೊಟ್ಟೆಗೆ ಹಾಕಲಾರದೆ ತಮ್ಮ ಆಳುಗಳಿಗೆ ಯಜಮಾನರೇ ಬಿಡುಗಡೆ ಕೊಡಬೇಕಾಯಿತು. ಹೊಸದಾಗಿ ಬಂದವರಿಗೂ ರೋಗ ತಗಲಿತು. ಅರಮನೆಯಂಥ ಮನೆಯಲ್ಲಿ ಬೆಳೆದ ಆರ್ಬೆಲ್ಲಾ ದೊರೆಸಾನಿಯು ಆಗಸ್ಟ್ ತಿಂಗಳಲ್ಲಿ ತೀರಿಕೊಂಡಳು. ಆಕೆಯ ಗಂಡನು ಸಪ್ಟಂಬರ ಕೊನೆಯಲ್ಲಿ ಆಕೆಯನ್ನು ಹಿಂಬಾಲಿಸಿದನು. ಡಿಸೆಂಬರ ವರೆಗೆ ಸುಮಾರು ೨೦೦ ಜನರು ಸತ್ತರು. ನೂರರಷ್ಟು ಜನ ಎದೆಗುಂದಿ ಬಂದ ಹಡಗುಗಳಲ್ಲಿಯೇ ಹಿಂದಿರುಗಿದರು. ಮರುವರುಷ ಮಾರ್ಚಿಯಲ್ಲಿ ಡಡ್ಲಿಯು ಲಿಂಕನ್ ಪ್ರಭುವಿನ ಪತ್ನಿಗೆ ಈ ಸಂಗತಿಗಳನ್ನೆಲ್ಲಾ ಬರೆದನು. ಆ ಕಾಗದವನ್ನು ಬರೆಯುವದಕ್ಕೆ ಮೇಜಿಲ್ಲದೆ, ಬೇರೆ ಕೋಣೆಯೂ ಇಲ್ಲದೆ, ಮನೆಮಂದಿಯೆಲ್ಲಾ ಸುತ್ತಲೂ ಇರುವಾಗ ಒಲೆಯ ಬಳಿಯಲ್ಲಿ ಮೊಣಕಾಲಿನ ಮೇಲೆ ಇಟ್ಟು ಬರೆದೆನೆಂದು ತಿಳಿಸಿದ್ದಾನೆ. ಉಪಾಧಿಪತಿಯ ಮನೆಯೇ ಹೀಗಿದ್ದರೆ ಬಡವರ ಗತಿಯೇನೆಂದು ವಾಚಕರೇ ಯೋಚಿಸಿಕೊಳ್ಳಲಿ. ೧೬೩೧ನೆಯ ಫೆಬ್ರವರಿಯಲ್ಲಿ ಲಯನ್ ಎಂಬ ಹಡಗು ಆಹಾರಪದಾರ್ಥಗಳನ್ನು ತಂದ ಮೇಲೆಯೇ ಜನರು ಜೀವ ಹಿಡಿದು, ಕೃತಜ್ಞತಾಸ್ತುತಿಗಾಗಿ ಒಂದು ದಿನವನ್ನು ಪ್ರತ್ಯೇಕಿಸಿದರು.

ಇಲ್ಲಿ ಆನಮ್ಮನ ಒಂದು ಮಾತನ್ನು ನಾವು ಗಮನಿಸಬೇಕು. ಈ ಹೊಸ ದೇಶವನ್ನೂ ಇಲ್ಲಿಯ ಹೊಸ ರೀತಿನೀತಿಗಳನ್ನೂ ಕಂಡಾಗ ತನ್ನ ಹೃದಯವು ತಿರುಗಿಬಿತ್ತೆಂದು ಆಕೆಯು ಮುಚ್ಚಿಡದೆ ಬರೆದಿದ್ದಾಳೆ. ಇದು ದೇವರ ಚಿತ್ತವೆಂದು ಮನವರಿಕೆಯಾದ ಮೇಲೆಯೇ ಆಕೆಯು ತಲೆಬಾಗಿ ಬಾಸ್ಟನ್ ಊರಿನ ಸಭೆಯಲ್ಲಿ ಸೇರಿದಳು. ತಂದೆಯು ಹೊರಟನು, ಗಂಡನು ಹೊರಟನು, ಆಕೆಯನ್ನು ಕೇಳಿದವರಾರು? ದೇವರ ನಿಮಿತ್ತವಾಗಿ ಊರನ್ನೂ ಬಂಧುಗಳನ್ನೂ ಬಿಟ್ಟುಬಂದ ಕುಟುಂಬಗಳಲ್ಲಿ ಹೆಂಗಸರ ಹೃದಯವು ಕೆಲವು ಸಾರಿ ಗಂಡಸರಿಗಿಂತ ತಡವಾಗಿ ಬರುತ್ತದೆ. ತೌರುಮನೆಯ ಬಾಗಲು, ಬಾವಿಯ ಹತ್ತಿರ ಮಾತಾಡುತ್ತಿದ್ದ ಗೆಳತಿಯರು, ಹಬ್ಬದ ದಿನ ಬರುತ್ತಿದ್ದ ಬುತ್ತಿ, ಇವುಗಳನ್ನು ಕಳಕೊಂಡವಳ ದುಃಖವು ನಮ್ಮ ಸಭೆಗಳಲ್ಲಿ ಅನೇಕ ತಾಯಂದಿರಿಗೆ ಗೊತ್ತಿದೆ. ಆ ದುಃಖವು ಅವಿಶ್ವಾಸವಲ್ಲ. ಆನಮ್ಮನು ಅದನ್ನು ಅದುಮಿಟ್ಟುಕೊಳ್ಳದೆ ದೇವರ ಮುಂದೆ ಬಿಚ್ಚಿದಳು.

೩. ಕಾಡಿನ ಮನೆಯೂ ಮಕ್ಕಳೂ

ಮೊದಲು ನ್ಯೂಟೌನ್ ಎಂಬಲ್ಲಿ, ೧೬೩೫ರ ಸುಮಾರಿಗೆ ಇಪ್ಸ್‌ವಿಚ್ ಎಂಬಲ್ಲಿ, ಅದಾದ ಹತ್ತು ವರುಷಗಳ ಬಳಿಕ ಆಂಡೋವರ್ ಎಂಬಲ್ಲಿ, ಹೀಗೆ ಮನೆಯ ಮೇಲೆ ಮನೆ ಕಟ್ಟುತ್ತಾ ಈ ಕುಟುಂಬವು ದಿನದಿನಕ್ಕೆ ಕಾಡಿನ ಒಳಕ್ಕೆ ಹೋಯಿತು. ಆಂಡೋವರಿನ ಭೂಮಿಯು ಮೊದಲು ಆ ದೇಶದ ಮೂಲನಿವಾಸಿಗಳದಾಗಿತ್ತು. ಇಂಗ್ಲಿಷರು ಬರುವದಕ್ಕೆ ಹತ್ತು ಹದಿನೈದು ವರುಷಗಳ ಮುಂಚೆ ಬಂದ ಮಹಾಮಾರಿಯಿಂದ ಆ ಜನರಲ್ಲಿ ಬಹಳ ಮಂದಿ ನಾಶವಾಗಿದ್ದರು. ಉಳಿದವರ ಮುಖ್ಯಸ್ಥನಾದ ಕಟ್ಶಮಾಚೆ ಎಂಬವನು ಆರು ಪೌಂಡುಗಳಿಗೂ ಒಂದು ಅಂಗಿಗೂ ಆ ಭೂಮಿಯನ್ನು ಕೊಟ್ಟನೆಂದು ೧೬೪೬ರ ದಾಖಲೆಯಲ್ಲಿದೆ. ಒಂದು ಊರಿಗೆ ಇದು ಎಷ್ಟು ಅಲ್ಪವಾದ ಬೆಲೆಯೆಂದು ಹೇಳಬೇಕಾಗಿಲ್ಲ. ಒಬ್ಬರಿಗೆ ಆಶ್ರಯವಾದ ನೆಲವು ಇನ್ನೊಬ್ಬರ ಕೈಬಿಟ್ಟ ನೆಲವಾಗಿತ್ತೆಂಬದನ್ನು ನಾವು ಮರೆಯಬಾರದು.

ಮದುವೆಯಾಗಿ ಕೆಲವು ವರುಷಗಳಾದರೂ ಆನಮ್ಮನಿಗೆ ಮಕ್ಕಳಾಗಲಿಲ್ಲ. ಅದರ ಮೇಲೆ ಕ್ಷಯದಂಥ ಕಾಹಿಲೆಯೂ ಕಾಲಿನ ಬಾಧೆಯೂ ಬಂದವು. ಈ ಬಂಜೆತನದ ದುಃಖಕ್ಕಾಗಿ ತಾನು ಸುರಿಸಿದ ಕಣ್ಣೀರೂ ಮಾಡಿದ ಪ್ರಾರ್ಥನೆಗಳೂ ಬಹಳವೆಂದು ಆಕೆಯು ಹೇಳಿದ್ದಾಳೆ. ಹನ್ನಳ ಪ್ರಾರ್ಥನೆಯನ್ನು ಕೇಳಿದ ದೇವರು ಈಕೆಯದನ್ನೂ ಕೇಳಿದನು. ೧೬೩೩ರ ಸುಮಾರಿಗೆ ಚೊಚ್ಚಲ ಮಗನು ಹುಟ್ಟಿದನು. ಹನ್ನಳ ಮಗನ ಹಾಗೆ ಈತನಿಗೂ ಸಮುವೇಲ್ ಎಂಬ ಹೆಸರಾಯಿತು. ಆ ಮೇಲೆ ಡಾರತಿ, ಸಾರಾ, ಸೈಮನ್, ಹನ್ನಾ, ಮರ್ಸಿ, ಡಡ್ಲಿ, ಕಡೆಯವನಾಗಿ ೧೬೫೨ರಲ್ಲಿ ಜಾನ್, ಹೀಗೆ ಎಂಟು ಮಕ್ಕಳಾದರು. ಹಾಲುಗೂಸುಗಳು ಎಣಿಕೆಯಿಲ್ಲದೆ ಸಾಯುತ್ತಿದ್ದ ಆ ಕಾಲದಲ್ಲಿ ಈ ಎಂಟು ಮಂದಿಯೂ ಬೆಳೆದು ದೊಡ್ಡವರಾದರು. ಗಂಡನು ಸೀಮೆಯ ಕಾರ್ಯಗಳಿಗಾಗಿ ಅನೇಕ ಸಾರಿ ಬಾಸ್ಟನಿಗೆ ಹೋಗಿ ವಾರಗಟ್ಟಲೆ ಅಲ್ಲಿಯೇ ಇರುತ್ತಿದ್ದನು. ಮಕ್ಕಳಿಗೆ ಅಕ್ಷರ ಕಲಿಸುವದು, ಆಳುಗಳನ್ನು ನಡಿಸುವದು, ಕಾಳುಕಡ್ಡಿ ನೋಡುವದು, ರೋಗಿಗಳಿಗೆ ಶುಶ್ರೂಷೆ ಮಾಡುವದು, ಎಲ್ಲಾ ಆಕೆಯ ಮೇಲೆ ಬಿತ್ತು.

೪. ಲೇಖನಿ ಹಿಡಿದದ್ದು

ಈ ಕೆಲಸಗಳ ನಡುವೆ ಆನಮ್ಮನು ಪದ್ಯಗಳನ್ನು ಬರೆದಳು. ನಾಲ್ಕು ಭೂತಗಳು, ಮನುಷ್ಯನ ನಾಲ್ಕು ಪ್ರಾಯಗಳು, ವರುಷದ ನಾಲ್ಕು ಋತುಗಳು, ಪೂರ್ವಕಾಲದ ನಾಲ್ಕು ಸಾಮ್ರಾಜ್ಯಗಳು, ಇವು ಆಕೆಯ ದೊಡ್ಡ ಕೃತಿಗಳ ವಿಷಯಗಳು. ಅವುಗಳನ್ನು ತನ್ನ ತಂದೆಗೆ ಕಾಣಿಕೆಯಾಗಿ ಅರ್ಪಿಸಿದಳು.

ಹೆಂಗಸು ಬರೆಯುವದು ಆಗ ಅಪಾಯವಿಲ್ಲದ ಸಂಗತಿಯಾಗಿರಲಿಲ್ಲ. ೧೬೩೭ರಲ್ಲಿ ಆನ್ ಹಚಿನ್ಸನ್ ಎಂಬಾಕೆಯು ತನ್ನ ಮನೆಯಲ್ಲಿ ಕೂಟಗಳನ್ನು ನಡಿಸಿ ಬೋಧಕರ ಉಪದೇಶವನ್ನು ಟೀಕಿಸಿದಳೆಂದು ಸೀಮೆಯಿಂದ ಹೊರಗೆ ಹಾಕಲ್ಪಟ್ಟಳು. ಆಕೆಗೆ ತೀರ್ಪುಮಾಡಿದವರಲ್ಲಿ ನಮ್ಮ ಆನಮ್ಮನ ತಂದೆಯೂ ಒಬ್ಬನು. ೧೬೪೫ರಲ್ಲಿ ನೆರೆಯ ಸೀಮೆಯ ಅಧಿಪತಿಯ ಹೆಂಡತಿಯೊಬ್ಬಳಿಗೆ ಬುದ್ಧಿಭ್ರಮಣೆಯಾದಾಗ, ಓದುಬರಹದಲ್ಲಿ ಮುಳುಗಿ ಹೆಣ್ಣಿಗೆ ತಕ್ಕ ಮನೆಗೆಲಸವನ್ನು ಬಿಟ್ಟದ್ದೇ ಇದಕ್ಕೆ ಕಾರಣವೆಂದು ವಿಂತ್ರಪನು ತನ್ನ ದಿನಚರಿಯಲ್ಲಿ ಬರೆದಿಟ್ಟನು. ೧೬೪೭ರಲ್ಲಿ ಆನಮ್ಮನ ಸ್ವಂತ ತಂಗಿಯಾದ ಸಾರಾ ಎಂಬವಳು, ಸ್ತ್ರೀಪುರುಷರು ಕೂಡಿದ ಕೂಟದಲ್ಲಿ ಕ್ರಮತಪ್ಪಿ ಪ್ರವಾದಿಸಿದಳೆಂಬ ದೂರು ಮೊದಲಾದವುಗಳ ನಿಮಿತ್ತ ಬಾಸ್ಟನ್ ಸಭೆಯಿಂದ ಬಹಿಷ್ಕರಿಸಲ್ಪಟ್ಟಳು. ಇವೆಲ್ಲವೂ ನಡೆಯುತ್ತಿರುವಾಗಲೇ ಆನಮ್ಮನು ರಾತ್ರಿಯಲ್ಲಿ, ಮಕ್ಕಳು ಮಲಗಿದ ಮೇಲೆ, ನಿದ್ರೆಯ ಹೊತ್ತನ್ನು ಕಡಿಮೆಮಾಡಿಕೊಂಡು ಬರೆಯುತ್ತಿದ್ದಳು. ತನ್ನ ಕೈಗೆ ಲೇಖನಿಗಿಂತ ಸೂಜಿಯೇ ತಕ್ಕದ್ದೆಂದು ಆಡಿಕೊಳ್ಳುವವರಿದ್ದಾರೆಂಬದು ಆಕೆಗೆ ಗೊತ್ತಿತ್ತು. ಅವರೊಂದಿಗೆ ಜಗಳಕ್ಕೆ ಹೋಗಲಿಲ್ಲ. ಬರೆಯುವದನ್ನು ಬಿಡಲೂ ಇಲ್ಲ.

ಆಕೆಯ ಇನ್ನೊಬ್ಬ ತಂಗಿಯ ಗಂಡನಾದ ಜಾನ್ ವುಡ್‌ಬ್ರಿಜ್ ಅಯ್ಯನವರು ಆಂಡೋವರ್ ಸಭೆಯ ಮೊದಲನೆಯ ಬೋಧಕರು. ಇವರು ೧೬೪೭ರಲ್ಲಿ ಇಂಗ್ಲೆಂಡಿಗೆ ಹೋಗುವಾಗ ಆನಮ್ಮನ ಪದ್ಯಗಳ ಪ್ರತಿಯನ್ನು ಆಕೆಗೆ ತಿಳಿಯದಂತೆ ತಕ್ಕೊಂಡುಹೋದರು. ೧೬೫೦ರಲ್ಲಿ ಲಂಡನಿನಲ್ಲಿ ಅವು ಅಚ್ಚಾದವು. ಗ್ರೀಕರ ಪುರಾಣಗಳಲ್ಲಿ ಕಾವ್ಯವೇ ಮೊದಲಾದ ವಿದ್ಯೆಗಳಿಗೆ ಒಂಬತ್ತು ದೇವಿಯರನ್ನು ಹೇಳಿರುವದರಿಂದ, ಅಮೇರಿಕಾದಲ್ಲಿ ಹೊಸದಾಗಿ ತೋರಿಬಂದ ಹತ್ತನೆಯವಳು ಎಂಬರ್ಥದ ಹೆಸರನ್ನು ಆ ಪುಸ್ತಕಕ್ಕೆ ಇಟ್ಟರು. ಇದನ್ನು ಬರೆದ ಹೆಂಗಸು ಮನೆಗೆಲಸವನ್ನು ಅಲಕ್ಷ್ಯಮಾಡಿದವಳಲ್ಲ, ನಡತೆಯಲ್ಲಿ ಗೌರವವುಳ್ಳವಳು ಎಂದು ವುಡ್‌ಬ್ರಿಜ್ ಅಯ್ಯನವರು ಮುನ್ನುಡಿಯಲ್ಲಿ ಸಾಕ್ಷಿಹೇಳಬೇಕಾಯಿತು. ಅಮೇರಿಕಾದಲ್ಲಿ ನೆಲೆಸಿದ್ದ ಹೆಂಗಸೊಬ್ಬಳ ಇಂಗ್ಲಿಷ್ ಪದ್ಯಗಳು ಪುಸ್ತಕವಾದದ್ದು ಇದೇ ಮೊದಲು. ಅಚ್ಚಿನ ಪುಸ್ತಕವು ಕೈಗೆ ಬಂದಾಗ ಅದರಲ್ಲಿದ್ದ ತಪ್ಪುಗಳನ್ನು ಕಂಡು ಆಕೆಯು ನಾಚಿ, ಹರಕು ಬಟ್ಟೆಯಲ್ಲಿ ಬೀದಿಗೆ ಬಿದ್ದ ಮಗುವಿಗೆ ಅದನ್ನು ಹೋಲಿಸಿ, ತಾಯಿಯು ಮಗುವಿನ ಮುಖ ತೊಳೆಯುವಂತೆ ತಾಳ್ಮೆಯಿಂದ ತಿದ್ದಲು ಕುಳಿತಳು.

೫. ಮಕ್ಕಳಿಗೆ ಬರೆದ ಕಾಗದ

ಆದರೆ ನಮ್ಮ ದೃಷ್ಟಿಯಲ್ಲಿ ಆಕೆಯ ಹೆಚ್ಚಿನ ಕೃತಿಯು ಅಚ್ಚಾದ ಆ ಪುಸ್ತಕವಲ್ಲ. ಒಂದು ಚಿಕ್ಕ ಕೈಬರಹದ ಪುಸ್ತಕ. ಪದೇ ಪದೇ ಮೂರ್ಛೆ, ಜ್ವರ, ನಿತ್ರಾಣಗಳಿಗೆ ಗುರಿಯಾಗಿ, ತಾನು ಬಹುಕಾಲ ಇರುವದಿಲ್ಲವೆಂದು ತಿಳಿದ ಆಕೆಯು ತನ್ನ ಮಕ್ಕಳಿಗೆಂದೇ ಅದನ್ನು ಬರೆದಳು. ಮರಣದ ಸಮಯದಲ್ಲಿ ಮಾತು ಹೊರಡದೆ ಹೋಗಬಹುದು, ಮಕ್ಕಳು ಹತ್ತಿರ ಇಲ್ಲದೆ ಹೋಗಬಹುದು. ಆದದರಿಂದ ಹೇಳಬೇಕಾದ್ದನ್ನು ಬದುಕಿರುವಾಗಲೇ ಬರೆದಿಡುತ್ತೇನೆಂಬದು ಆಕೆಯ ಅಭಿಪ್ರಾಯವಾಗಿತ್ತು. ತನ್ನ ಜಾಣತನವನ್ನು ತೋರಿಸುವದಕ್ಕಲ್ಲ, ದೇವರ ಮಹಿಮೆಗಾಗಿ ಬರೆಯುತ್ತೇನೆಂದು ಮೊದಲೇ ತಿಳಿಸಿದಳು.

ಆ ಕಾಗದದಲ್ಲಿ ಆಕೆಯು ತನ್ನನ್ನು ಪರಿಶುದ್ಧಳೆಂದು ತೋರಿಸಿಕೊಳ್ಳಲಿಲ್ಲ. ಬೇರೆ ಭಕ್ತರಿಗೆ ಇರುವಂಥ ನಿತ್ಯಸಂತೋಷವು ತನಗೆ ಇರಲಿಲ್ಲವೆಂದು ಒಪ್ಪಿಕೊಂಡಳು. ದೇವರು ಇದ್ದಾನೋ ಇಲ್ಲವೋ ಎಂಬ ಸಂದೇಹವೇ ಅನೇಕ ಸಾರಿ ತನ್ನನ್ನು ಹಿಡಿಯಿತೆಂದು ಬರೆದಳು. ಸತ್ಯವೇದದಲ್ಲಿ ಹೇಳಿದ ಅದ್ಭುತಗಳನ್ನು ತಾನು ಕಣ್ಣಾರೆ ಕಂಡಿಲ್ಲವಲ್ಲಾ, ಅವು ನಿಜವೆಂದು ಹೇಗೆ ತಿಳಿಯಲಿ ಎಂದು ಕೇಳಿಕೊಂಡಳಂತೆ. ಆಗ ಆಕಾಶಭೂಮಿಗಳ ಕ್ರಮವನ್ನೂ, ಹಗಲುರಾತ್ರಿಗಳನ್ನೂ, ಬೇಸಿಗೆ ಚಳಿಗಾಲಗಳನ್ನೂ, ತನ್ನ ಮನೆಯ ದಿನದಿನದ ಪೋಷಣೆಯನ್ನೂ ನೋಡಿ, ಕರ್ತನಿಲ್ಲದೆ ಇವು ಇರಲಾರವೆಂದು ನಿಶ್ಚಯಿಸಿದಳು. ಅಷ್ಟರಿಂದಲೂ ಮನಸ್ಸು ಸುಮ್ಮನಾಗಲಿಲ್ಲ. ದೇವರಿದ್ದಾನೆ, ಸರಿ, ನಾವು ಆರಾಧಿಸುವ ಮಾರ್ಗವೇ ಸರಿಯೆಂದು ಹೇಗೆ ಗೊತ್ತು? ರೋಮನ್ ಸಭೆಯವರದೇ ಸರಿಯಾಗಿರಬಾರದೇಕೆ? ಇಂಥ ಪ್ರಶ್ನೆಗಳನ್ನು ಕೇಳಿದ್ದಕ್ಕೆ ಆ ಸೀಮೆಯಲ್ಲಿ ದೊಡ್ಡ ಗಲಿಬಿಲಿಯಾಗಬಹುದಿತ್ತು. ಅಧಿಪತಿಯ ಮಗಳಾದ ಆಕೆಯು ಮಕ್ಕಳಿಗೆ ಅದನ್ನು ಬರೆದಿಟ್ಟಳು. ದೇವರ ವಾಕ್ಯವು ತನ್ನೊಳಗೆ ಮಾಡಿದ ಕೆಲಸವನ್ನೂ, ಅದು ನೂರಾರು ವರುಷ ಅಳಿಯದೆ ಉಳಿದದ್ದನ್ನೂ ನೆನಸಿ, ಕಡೆಗೆ ಕ್ರಿಸ್ತನೆಂಬ ಬಂಡೆಯ ಮೇಲೆ ನಿಂತೆನೆಂದು ಹೇಳಿದಳು.

ಪ್ರಿಯ ತಂದೆತಾಯಂದಿರೇ, ನಮ್ಮ ಮಕ್ಕಳಿಗೆ ನಾವು ನಮ್ಮ ಜಯಗಳನ್ನು ಹೇಳುತ್ತೇವೆ, ಸಂದೇಹಗಳನ್ನು ಹೇಳುವದಿಲ್ಲ. ಅದರಿಂದ ಅವರಿಗೆ ಸಂದೇಹ ಬಂದಾಗ, ಹಿರಿಯರಿಗೆ ಇಲ್ಲದ್ದು ತಮಗೆ ಮಾತ್ರ ಬಂದಿದೆಯೆಂದು ಹೆದರಿ ಬಾಯಿಮುಚ್ಚಿಕೊಳ್ಳುತ್ತಾರೆ, ಇಲ್ಲವೆ ಸಭೆಯನ್ನು ಬಿಟ್ಟುಹೋಗುತ್ತಾರೆ. ಕಾಡಿನಲ್ಲಿ ಮೊದಲು ಹೋದವನು ಹಳ್ಳವಿದ್ದ ಕಡೆ ಗುರುತುಮಾಡಿಟ್ಟರೆ ಹಿಂದಿನಿಂದ ಬರುವವನು ಎಚ್ಚರವಾಗುತ್ತಾನೆ. ಆನಮ್ಮನು ಅಂಥ ಗುರುತನ್ನು ಇಟ್ಟಳು.

೧೬೬೪ನೆಯ ಮಾರ್ಚ್ ೨೦ರಂದು ಆಕೆಯು ಎರಡನೆಯ ಮಗನಾದ ಸೈಮನನಿಗೆ, ಆತನು ಕೇಳಿಕೊಂಡ ಪ್ರಕಾರ, ೭೭ ಚಿಕ್ಕ ಧ್ಯಾನಗಳನ್ನು ಬರೆದುಕೊಟ್ಟಳು. ಅವುಗಳ ದೃಷ್ಟಾಂತಗಳೆಲ್ಲಾ ಹೆಚ್ಚಾಗಿ ಅಡಿಗೆಮನೆಯಿಂದಲೂ ಹೊಲದಿಂದಲೂ ತೊಟ್ಟಿಲಿನಿಂದಲೂ ತೆಗೆದವು. ಮಾಂಸವು ಕೆಡದಂತೆ ಉಪ್ಪು ಬೇಕು, ಹಣ್ಣು ಕೆಡದಂತೆ ಸಕ್ಕರೆ ಬೇಕು. ಹಾಗೆಯೇ ಮಕ್ಕಳಲ್ಲಿ ಒಬ್ಬನಿಗೆ ಬಿಗಿಯೂ ಇನ್ನೊಬ್ಬನಿಗೆ ಮೃದುವೂ ಬೇಕು, ಇದನ್ನು ತಿಳಿದವರೇ ಬುದ್ಧಿವಂತ ತಂದೆತಾಯಿಗಳು ಎಂಬದು ಒಂದರ ಭಾವ. ಇನ್ನೊಂದು ಮೊಲೆ ಬಿಡಿಸುವ ವಿಷಯ. ನಮ್ಮ ಹಳ್ಳಿಗಳಲ್ಲಿ ತಾಯಿಯು ಬೇವನ್ನು ಹಚ್ಚುವಂತೆ ಅಲ್ಲಿಯೂ ಕಹಿಯಾದ ಸೊಪ್ಪನ್ನೋ ಸಾಸಿವೆಯನ್ನೋ ಹಚ್ಚುತ್ತಿದ್ದರು. ಕೆಲವು ಮಕ್ಕಳು ಅದನ್ನು ಒರಸಿಹಾಕಿ, ಇಲ್ಲವೆ ಕಹಿಯನ್ನೂ ಸಿಹಿಯನ್ನೂ ಕೂಡಿಯೇ ನುಂಗಿ, ಹಾಲನ್ನು ಬಿಡುವದಿಲ್ಲ. ದೇವರು ಲೋಕದ ಸುಖಕ್ಕೆ ಕಹಿಯನ್ನು ಬೆರಸಿದರೂ ಅದಕ್ಕೇ ಅಂಟಿಕೊಳ್ಳುವ ಕ್ರೈಸ್ತರು ಇಂಥ ಮಕ್ಕಳೇ ಎಂದು ಆಕೆಯು ಹೇಳಿದ್ದಾಳೆ. ತೊಟ್ಟಿಲು ತೂಗಿದ ಕೈಯೇ ಇದನ್ನು ಬರೆಯಬಲ್ಲದು.

೬. ಬೆಂಕಿಯೂ ಮರಣಗಳೂ

೧೬೬೬ನೆಯ ಜುಲೈ ೧೦ರ ರಾತ್ರಿ ಆಂಡೋವರಿನ ಮನೆಗೆ ಬೆಂಕಿ ಬಿತ್ತು. ಕೂಗು ಕೇಳಿ ಎದ್ದ ಆನಮ್ಮನು ಹೊರಗೆ ಬಂದು ನಿಂತು, ತನ್ನ ಮನೆಯು ಉರಿದುಹೋಗುವದನ್ನು ನೋಡಿದಳು. ಸಾಮಾನುಗಳೂ, ಬಟ್ಟೆಬರೆಗಳೂ, ಬಹು ವರುಷಗಳಿಂದ ಕೂಡಿಸಿದ ಪುಸ್ತಕಗಳೂ, ಆಕೆಯು ಬರೆಯುತ್ತಿದ್ದ ರೋಮ್ ಸಾಮ್ರಾಜ್ಯದ ಚರಿತ್ರೆಯ ಉಳಿದ ಭಾಗವೂ ಬೂದಿಯಾದವು. ಆ ವಿಷಯವಾಗಿ ಬಿಡಿ ಕಾಗದದಲ್ಲಿ ಆಕೆಯು ಬರೆದ ಪದ್ಯವನ್ನು ಮಗನು ಪ್ರತಿಮಾಡಿ ಉಳಿಸಿದನು. ಕೊಟ್ಟವನೂ ತಕ್ಕೊಂಡವನೂ ಒಬ್ಬನೇ ಎಂದು ಯೋಬನಂತೆ ಆಕೆಯು ಮೊದಲೇ ಹೇಳಿಬಿಡುತ್ತಾಳೆ. ಆದರೂ ಆ ಮೇಲೆ ಆ ಹಾಳುಸ್ಥಳವನ್ನು ಹಾದುಹೋಗುವಾಗಲೆಲ್ಲಾ ಕಣ್ಣು ಅತ್ತ ಹೊರಳುತ್ತದೆ. ಪೆಟ್ಟಿಗೆ ಇದ್ದದ್ದು ಇಲ್ಲಿ, ತಾನು ಕೂತುಕೊಳ್ಳುತ್ತಿದ್ದದ್ದು ಅಲ್ಲಿ, ಇನ್ನು ಇಲ್ಲಿ ಅತಿಥಿಗಳು ಉಣ್ಣುವದಿಲ್ಲ, ಮದುವೆಯ ಮಾತು ಕೇಳಿಬರುವದಿಲ್ಲ ಎಂದು ಮನಸ್ಸು ಒಂದೊಂದನ್ನಾಗಿ ಎಣಿಸುತ್ತದೆ. ಆಗ ಆಕೆಯು ತನ್ನ ಹೃದಯವನ್ನು ಗದರಿಸಿ, ಕೈಯಿಂದ ಕಟ್ಟದಿರುವ ಪರಲೋಕದ ಮನೆಯ ಕಡೆಗೆ ಅದನ್ನು ತಿರುಗಿಸುತ್ತಾಳೆ. ನಷ್ಟವನ್ನು ನಷ್ಟವೆಂದು ಹೇಳಿಯೇ ಆಕೆಯು ನಂಬಿದಳು.

ಮನೆಗಿಂತ ಹೆಚ್ಚಿನ ನಷ್ಟವು ಹಿರಿಯ ಮಗನ ಕುಟುಂಬದಲ್ಲಾಯಿತು. ಸಮುವೇಲನು ವೈದ್ಯನಾಗಿದ್ದನು. ಆತನ ಚೊಚ್ಚಲ ಮಗಳು ಎಲಿಸಬೇತಳು ೧೬೬೫ನೆಯ ಆಗಸ್ಟಿನಲ್ಲಿ ಒಂದೂವರೆ ವರುಷದವಳಾಗಿ ಸತ್ತಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದ ಆನ್ ಎಂಬ ಮಗುವು ೧೬೬೯ನೆಯ ಜೂನಿನಲ್ಲಿ ಮೂರು ವರುಷ ಏಳು ತಿಂಗಳಿನದಾಗಿ ಸತ್ತಿತು. ಅದೇ ವರುಷದ ನವಂಬರದಲ್ಲಿ ಸೈಮನ್ ಎಂಬ ಕೂಸು ಒಂದು ತಿಂಗಳು ಒಂದು ದಿನ ಬದುಕಿ ಹೋಯಿತು. ೧೬೭೦ನೆಯ ಸಪ್ಟಂಬರದಲ್ಲಿ ಸಮುವೇಲನು ದೂರದ ಜಮೈಕಾ ದ್ವೀಪದಲ್ಲಿದ್ದಾಗ, ಅವನ ಹೆಂಡತಿಯಾದ ಮರ್ಸಿಯು ದಿನತುಂಬುವ ಮುಂಚೆ ಹೆತ್ತು, ಬಾಣಂತಿಯಾಗಿಯೇ ೨೮ ವರುಷದೊಳಗೆ ತೀರಿಕೊಂಡಳು. ಆ ಐದನೆಯ ಕೂಸೂ ಉಳಿಯಲಿಲ್ಲ.

ಈ ಒಂದೊಂದು ಮರಣಕ್ಕೂ ಅಜ್ಜಿಯು ಪದ್ಯ ಬರೆದಳು. ಮಾಗಿದ ಹಣ್ಣು ಉದುರುವದು ಸಹಜ, ಮೊಗ್ಗು ಮುರಿಯುವದು ಏಕೆಂದು ಆಕೆಯ ಹೃದಯವು ಕೇಳುತ್ತದೆ. ದೇವರು ಒಳ್ಳೆಯವನೆಂದು ಹೇಳುತ್ತಾಳೆ. ಆದರೆ ಹಾಗೆ ಹೇಳುವದಕ್ಕೆ ಎಷ್ಟು ಕಷ್ಟಪಟ್ಟಳೆಂಬದು ಓದುವವರಿಗೆ ಕಾಣುತ್ತದೆ. ಸಮಾಧಿಯ ಮುಂದೆ ನಿಂತವರಿಗೆ ಸುಲಭವಾದ ಮಾತುಗಳನ್ನು ಹೇಳಿ ಬಾಯಿಮುಚ್ಚಿಸುವ ಸ್ನೇಹಿತರು ಯೋಬನ ಕಾಲದಲ್ಲಿಯೂ ಇದ್ದರು. ಆನಮ್ಮನು ಅಂಥ ಮಾತುಗಳಿಂದ ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳಲಿಲ್ಲ.

ಅದಾದ ಎರಡು ವರುಷಕ್ಕೆ, ೧೬೭೨ನೆಯ ಸಪ್ಟಂ­ಬರ್ ೧೬ರಂದು, ಕ್ಷಯರೋಗದಿಂದ ಸವೆದು ಸವೆದು, ಸುಮಾರು ಅರವತ್ತರ ಪ್ರಾಯದಲ್ಲಿ ಆಕೆಯು ಕರ್ತನಲ್ಲಿ ನಿದ್ರೆಹೋದಳು. ಆಕೆಯನ್ನು ಎಲ್ಲಿ ಹೂಳಿದರೆಂದು ತೋರಿಸುವ ಹಳೆಯ ಕಲ್ಲು ಉಳಿದಿಲ್ಲ. ಆರು ವರುಷಗಳ ಮೇಲೆ, ೧೬೭೮ರಲ್ಲಿ, ಆಕೆಯೇ ತಿದ್ದಿದ ಪದ್ಯಗಳೂ ಮನೆಯೊಳಗಿನ ಕೆಲವು ಪದ್ಯಗಳೂ ಬಾಸ್ಟನಿನಲ್ಲಿ ಅಚ್ಚಾದವು. ಮಕ್ಕಳಿಗೆ ಬರೆದ ಕೈಪುಸ್ತಕವು ಕುಟುಂಬದಲ್ಲಿ ಕೈಯಿಂದ ಕೈಗೆ ಬಂದು, ೧೮೬೭ರಲ್ಲಿ ಪೂರ್ಣವಾಗಿ ಅಚ್ಚಾಯಿತು.

೭. ಸಂತತಿ

ಸೈಮನ್ ಬ್ರಾಡ್‌ಸ್ಟ್ರೀಟನು ಮುಂದೆ ಮಸಾಚುಸೆಟ್ಸ್ ಸೀಮೆಯ ಅಧಿಪತಿಯಾಗಿ ೧೬೯೭ರ ವರೆಗೆ ಬದುಕಿದನು. ೧೬೯೨ರಲ್ಲಿ ಆ ಸೀಮೆಯವರಿಗೆ ಮಾಟಗಾತಿಯರ ಭ್ರಾಂತಿ ಹಿಡಿದು, ನಿರಪರಾಧಿಗಳನ್ನು ಹಿಡಿದು ನೇಣಿಗೆ ಹಾಕತೊಡಗಿದರು. ಆಂಡೋವರಿನಲ್ಲಿ ನ್ಯಾಯಾಧಿಕಾರಿಯಾಗಿದ್ದವನು ಆನಮ್ಮನ ಮಗನಾದ ಡಡ್ಲಿ ಬ್ರಾಡ್‌ಸ್ಟ್ರೀಟ್. ಆತನು ಮೊದಲು ಮೂವತ್ತು ನಲವತ್ತು ಮಂದಿಯ ಮೇಲೆ ದಸ್ತಗಿರಿ ಹುಕುಮುಗಳಿಗೆ ರುಜುಹಾಕಿದನು. ಆ ಮೇಲೆ ಮನಸ್ಸಾಕ್ಷಿ ಚುಚ್ಚಿ, ಇನ್ನು ಹಾಕೆನೆಂದು ನಿಂತನು. ಕೂಡಲೇ ಆತನ ಮೇಲೆಯೇ ಮಾಟದ ಅಪವಾದ ಬಂದು, ಹೆಂಡತಿಯೊಂದಿಗೆ ಓಡಿಹೋಗಬೇಕಾಯಿತು. ಎಲ್ಲರೂ ಒಂದೇ ಮಾತು ಹೇಳುವಾಗ ಸಂದೇಹಪಡುವದಕ್ಕೂ ಧೈರ್ಯ ಬೇಕು. ತಾಯಿಯ ಕಾಗದವನ್ನು ಓದಿದ ಮನೆಯಲ್ಲಿ ಆ ಧೈರ್ಯವು ತಡವಾಗಿಯಾದರೂ ತೋರಿತೆಂದು ನಾವು ಭಾವಿಸುತ್ತೇವೆ.

ಸಮುವೇಲನ ಮನೆಯಲ್ಲಿ ಆ ಐದು ಮಕ್ಕಳೊಳಗೆ ಒಂದು ಮಾತ್ರ ಉಳಿಯಿತು. ೧೬೬೭ರಲ್ಲಿ ಹುಟ್ಟಿದ ಆ ಹುಡುಗಿಗೂ ತಾಯಿಯ ಹೆಸರೇ, ಮರ್ಸಿ. ಆ ಮಾತಿನ ಅರ್ಥ ಕರುಣೆ. ತಾಯಿ ಸಾಯುವಾಗ ಅದಕ್ಕೆ ಮೂರು ವರುಷವೂ ತುಂಬಿರಲಿಲ್ಲ. ಆ ಒಂದು ಎಳೆಯಿಂದಲೇ ದೊಡ್ಡ ವಂಶವು ಹರಡಿತು. ಗುಲಾಮತನದ ನಿರ್ಮೂಲಕ್ಕಾಗಿ ಹೋರಾಡಿದ ವೆಂಡೆಲ್ ಫಿಲಿಪ್ಸ್ ಆ ವಂಶದವನು. ವೈದ್ಯನೂ ಕವಿಯೂ ಆದ ಆಲಿವರ್ ವೆಂಡೆಲ್ ಹೋಮ್ಸ್ ಆ ವಂಶದವನು. ಬಾಣಂತಿಸನ್ನಿಯು ದೈವದ ಪೆಟ್ಟಲ್ಲ, ಅದು ವೈದ್ಯರ ಮತ್ತು ಸೂಲಗಿತ್ತಿಯರ ಕೈಗಳಿಂದಲೇ ಒಬ್ಬಳಿಂದ ಇನ್ನೊಬ್ಬಳಿಗೆ ಹರಡುತ್ತದೆ, ಆದದರಿಂದ ಕೈಗಳನ್ನು ಶುದ್ಧಮಾಡಿಕೊಳ್ಳಬೇಕು ಎಂದು ಈ ಹೋಮ್ಸನು ೧೮೪೩ರಲ್ಲಿ ಬರೆದನು. ದೊಡ್ಡ ವೈದ್ಯರು ಆತನನ್ನು ಹಾಸ್ಯಮಾಡಿದರು. ಆತನ ಮಾತೇ ನಿಜವಾಯಿತು. ಬಾಣಂತಿಯಾಗಿ ಸತ್ತ ಸೊಸೆಗಾಗಿ ಅತ್ತ ಆ ಅಜ್ಜಿಯ ಸಂತತಿಯಲ್ಲಿಯೇ ಬಾಣಂತಿಯರ ಪ್ರಾಣವನ್ನು ಉಳಿಸುವ ಮಾತು ಹುಟ್ಟಿತು.

ಆನಮ್ಮನ ತಂದೆಯೂ ಗಂಡನೂ ಹಾರ್ವರ್ಡ್ ಎಂಬ ಪ್ರಸಿದ್ಧ ವಿದ್ಯಾಶಾಲೆಯ ಬೆಳವಣಿಗೆಯಲ್ಲಿ ಪಾಲುಗಾರರು. ಗಂಡುಮಕ್ಕಳಲ್ಲಿ ಇಬ್ಬರು ಅಲ್ಲಿ ಓದಿದರು. ಆಕೆಗಾಗಲಿ ಆಕೆಯ ಹೆಣ್ಣುಮಕ್ಕಳಿಗಾಗಲಿ ಅದರೊಳಗೆ ಕಲಿಯಲು ಅನುಮತಿ ಇರಲಿಲ್ಲ. ೧೯೯೭ರಲ್ಲಿ ಅದೇ ವಿದ್ಯಾಶಾಲೆಯವರು ಒಂದು ಬಾಗಿಲಿಗೆ ಆಕೆಯ ಹೆಸರನ್ನಿಟ್ಟರು. ಮೂರು ಶತಮಾನಗಳು ಬೇಕಾದವು. ಆದರೂ ಬಾಗಿಲು ತೆರೆಯಿತು.

ಪ್ರಿಯ ಸಹೋದರಿಯರೇ, ನಮ್ಮಲ್ಲಿ ಎಲ್ಲರೂ ಪದ್ಯ ಬರೆಯಲಾರೆವು. ಕೆಲವರಿಗೆ ಅಕ್ಷರವೂ ಬಾರದು. ಆದರೆ ಮಕ್ಕಳೊಡನೆ ದೀಪದ ಮುಂದೆ ಕೂತು, ನಮ್ಮ ಹಿರಿಯರು ಎಲ್ಲಿಂದ ಬಂದರು, ಏನನ್ನು ಬಿಟ್ಟುಬಂದರು, ನಮ್ಮ ಮನಸ್ಸು ಎಲ್ಲೆಲ್ಲಿ ಎಡವಿತು, ದೇವರು ಎಲ್ಲಿ ಕೈಹಿಡಿದನು ಎಂದು ಹೇಳುವದಕ್ಕೆ ಅಕ್ಷರವು ಬೇಕಾಗಿಲ್ಲ. ಬರೆಯಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಒಂದು ಪುಸ್ತಕದಲ್ಲಿ ಅದನ್ನು ಬರೆದಿಡಲಿ. ನಾವು ಕಟ್ಟಿದ ಮನೆಯು ಸುಟ್ಟುಹೋಗಬಹುದು, ನಮ್ಮ ಸಮಾಧಿಯ ಕಲ್ಲು ಕಾಣದೆ ಹೋಗಬಹುದು. ನಿಜವಾಗಿ ಹೇಳಿದ ಸಾಕ್ಷಿಯಾದರೋ ಮೊಮ್ಮಕ್ಕಳ ಮೊಮ್ಮಕ್ಕಳ ವರೆಗೆ ಅನ್ನವಾಗುವದು.